ಧ್ವನಿಮುದ್ರಿಕೆಯ ಪಾತ್ರೆಯೂ ತತ್ತ್ವಪದದ ಅಂಕಿತವೂ

(೧)

ಕಾವ್ಯವಿಮರ್ಶೆಯಲ್ಲಿ ಶಬ್ದ, ಅರ್ಥ, ರೀತಿ, ರಸ ಎಂಬಿವುಗಳ ವಿಚಾರವು ವಿಪುಲವಾಗಿ ನಡೆದಿರುವುದು. ಆದರೆ ಕಾವ್ಯವನ್ನು ಹೊತ್ತು ತರುವ ವಸ್ತುವಿನ ವಿಚಾರವು ಗ್ರಂಥಸಂಪಾದಕರ ಪಾಲಿಗೆ ಮಾತ್ರ ಉಳಿದಿದೆ. ಓಲೆಯ ಅಗಲವೆಷ್ಟು, ಸಾಲಿಗೆ ಅಕ್ಷರವೆಷ್ಟು, ದಾರದ ರಂಧ್ರದ ಬಳಿ ಲಿಪಿಕಾರನು ಎಷ್ಟು ಎಡೆ ಬಿಟ್ಟನು, ಕಡೆಯ ಗರಿ ಮುರಿದುದರಿಂದ ಕವಿಯ ಹೆಸರು ಹೇಗೆ ನಷ್ಟವಾಯಿತು ಎಂಬುದನ್ನು ಸಂಪಾದಕನು ಬಲ್ಲನು. ವಿಮರ್ಶಕನು ಅದನ್ನು ಕೇಳುವುದು ವಿರಳ. ಹಾಡುಗಬ್ಬದ ವಿಷಯದಲ್ಲಾದರೋ ಈ ಉದಾಸೀನವು ಇನ್ನು ಸಲ್ಲದು. ಏಕೆಂದರೆ, ಒಂದು ಶತಮಾನಕ್ಕೂ ಮಿಕ್ಕ ಕಾಲದಿಂದ ಕನ್ನಡದ ಪದಗಳು ಅರಗಿನ ತಟ್ಟೆ, ದೀರ್ಘವಾದನದ ತಟ್ಟೆ, ಕ್ಯಾಸೆಟ್ಟು, ಸೀಡಿ, ಪೆನ್ ಡ್ರೈವು ಎಂಬ ಪಾತ್ರೆಗಳನ್ನು ಒಂದಾದ ಮೇಲೊಂದರಂತೆ ಹೊಕ್ಕು, ಅಂಗಡಿಗಳಲ್ಲಿಯೂ ಜಾತ್ರೆಗಳಲ್ಲಿಯೂ ಕ್ರಯವಿಕ್ರಯಗಳಿಗೆ ಒಳಗಾಗಿವೆ. ಇಂದಿನ ಕೇಳುಗರಲ್ಲಿ ಬಹುಮಂದಿ ಪದವನ್ನು ತಿಳಿದಿರುವುದು ಪುಸ್ತಕದಿಂದಲ್ಲ, ಈ ಪಾತ್ರೆಗಳಿಂದ.

ಪ್ರಕೃತ ವಿಚಾರಕ್ಕೆ ಕಲಬುರಗಿ ಸೀಮೆಯ ತತ್ತ್ವಪದವನ್ನು ಉದಾಹರಣೆಯಾಗಿ ತೆಗೆದುಕೊಳ್ಳುವುದು ಯುಕ್ತವಾಗಿದೆ. ಕನ್ನಡದಲ್ಲಿ ದೊರೆತಿರುವ ಮೊದಲ ಲಕ್ಷಣಗ್ರಂಥವಾದ ‘ಕವಿರಾಜಮಾರ್ಗ’ವು ರಾಷ್ಟ್ರಕೂಟರ ರಾಜಧಾನಿಯಾದ ಮಳಖೇಡದ ಆಸ್ಥಾನಕ್ಕೆ ಸೇರಿದುದು, ಆ ಮಳಖೇಡವು ಈ ಜಿಲ್ಲೆಯದೇ. ಕಾವ್ಯದ ದೋಷಾದೋಷಗಳನ್ನು ಕನ್ನಡದಲ್ಲಿ ಮೊದಲು ತೂಗಿ ನೋಡಿದ ನೆಲವಿದು. ೧೯ನೆಯ ಶತಮಾನದಲ್ಲಿ ಇದೇ ಸೀಮೆಯ ಕಡಕೋಳದಲ್ಲಿ ಮಡಿವಾಳಪ್ಪನವರು ತತ್ತ್ವಪದಗಳ ಒಂದು ದೊಡ್ಡ ಪರಂಪರೆಗೆ ಕಾರಣರಾದರು. ಖೈನೂರ ಕೃಷ್ಣಪ್ಪ, ಚನ್ನೂರ ಜಲಾಲ ಸಾಹೇಬ, ತೆಲಗಬಾಳ ರೇವಪ್ಪ ಮೊದಲಾದ ಶಿಷ್ಯರು ಜಾತಿಮತಗಳ ಭೇದವಿಲ್ಲದೆ ಆ ಪರಂಪರೆಯನ್ನು ಬೆಳಸಿದರು. ಏಕತಾರಿ, ತಾಳ, ದಮ್ಮಡಿಗಳೊಡನೆ ರಾತ್ರಿಯ ಭಜನೆಯಲ್ಲಿ ಹಾಡುವುದಕ್ಕಾಗಿ ಹುಟ್ಟಿದ ಈ ಪದಗಳು ಇಂದು ಕೊಂಡುಕೊಳ್ಳುವ ಸರಕಾಗಿಯೂ ಇವೆ. ಸರಕಾದುದರಿಂದ ಪದಕ್ಕೆ ಏನಾಯಿತು ಎಂಬುದೇ ಇಲ್ಲಿಯ ವಿಷಯ. ಪಾತ್ರೆಯು ಬದಲಾದರೆ ಪದವೂ ಬದಲಾಗುವುದೇ ಇಲ್ಲವೇ ಎಂಬುದೇ ಸಂಶಯ.

(೨)

ತತ್ತ್ವಪದದ ಅಂಗಗಳು ಸುಪ್ರಸಿದ್ಧವಾಗಿವೆ. ಮೊದಲು ಪಲ್ಲವಿ, ಅನಂತರ ಮೂರು, ಐದು ಅಥವಾ ಅದಕ್ಕೂ ಹೆಚ್ಚು ನುಡಿಗಳು, ಕಡೆಯ ನುಡಿಯಲ್ಲಿ ಅಂಕಿತ. ಅಂಕಿತವೆಂದರೆ ಬರಿಯ ಸಹಿಯಲ್ಲ. ಪದಕಾರನು ಅಲ್ಲಿ ತನ್ನ ಹೆಸರನ್ನು ಹೇಳುವುದಕ್ಕಿಂತ ಹೆಚ್ಚಾಗಿ ತನ್ನ ಗುರುವಿನ ಅಥವಾ ದೈವದ ಹೆಸರನ್ನು ಹೇಳುತ್ತಾನೆ. ಮಡಿವಾಳಪ್ಪನವರ ಪದಗಳಲ್ಲಿ ಗುರು ಮಹಾಂತನ ಹೆಸರು ಬರುವುದೂ, ಶಿಶುನಾಳ ಶರೀಫರ ಪದಗಳಲ್ಲಿ ಶಿಶುನಾಳಾಧೀಶನ ಹೆಸರು ಬರುವುದೂ ಈ ಕಾರಣದಿಂದಲೇ. ಪದದ ಒಗಟು ಬಿಡಿಸಿಕೊಳ್ಳುವುದೂ ಸಾಮಾನ್ಯವಾಗಿ ಅಲ್ಲಿಯೇ. ಮೊದಲ ನುಡಿಗಳಲ್ಲಿ ಮನೆ, ಹೊಲ, ಬಿತ್ತನೆ, ಬೀಸುವ ಕಲ್ಲು ಎಂದು ಲೋಕದ ಮಾತಾಗಿ ನಡೆದುದು ಕಡೆಯ ನುಡಿಯಲ್ಲಿ ಗುರುವಿನ ಹೆಸರು ತಾಕಿದೊಡನೆ ದೇಹದ ಮಾತೂ ಸಾಧನೆಯ ಮಾತೂ ಆಗುತ್ತದೆ. ವ್ಯಂಗ್ಯಾರ್ಥವನ್ನು ತೆರೆಯುವ ಕೀಲಿಕೈಯು ಅಂಕಿತದ ನುಡಿಯಲ್ಲಿ ಇರುವುದರಿಂದ ಅದನ್ನು ಬಿಟ್ಟು ಹಾಡಿದರೆ ಪದವು ಮೊಟಕಾಗುವುದಷ್ಟೇ ಅಲ್ಲ, ಬೇರೆಯ ಪದವೇ ಆಗುತ್ತದೆ.

ಇನ್ನು ಪಾತ್ರೆಗಳ ಚರಿತ್ರೆ. ಎಡಿಸನ್ನನು ಫೋನೋಗ್ರಾಫನ್ನು ನಿರ್ಮಿಸಿದುದು ೧೮೭೭ರಲ್ಲಿ. ಎಮಿಲಿ ಬರ್ಲಿನರನು ಚಪ್ಪಟೆಯ ತಟ್ಟೆಯ ಗ್ರಾಮಫೋನಿಗೆ ಹಕ್ಕುಪತ್ರ ಪಡೆದುದು ೧೮೮೭ರಲ್ಲಿ. ಗ್ರಾಮಫೋನ್ ಕಂಪೆನಿಯ ಪರವಾಗಿ ಫ್ರೆಡ್ ಗೈಸ್‌ಬರ್ಗನು ೧೯೦೨ರಲ್ಲಿ ಕಲ್ಕತ್ತೆಗೆ ಬಂದು ಗೌಹರ್ ಜಾನಳ ಗಾಯನವನ್ನು ಮುದ್ರಿಸಿಕೊಂಡನು. ಹತ್ತು ಅಂಗುಲದ ಅರಗಿನ ತಟ್ಟೆಯು ನಿಮಿಷಕ್ಕೆ ೭೮ ಸುತ್ತು ತಿರುಗಿ ಒಂದು ಮಗ್ಗುಲಿಗೆ ಮೂರು ನಿಮಿಷ ಮತ್ತು ಸ್ವಲ್ಪ ಹೆಚ್ಚು ಕಾಲ ನುಡಿಯುತ್ತಿದ್ದಿತು. ಗೌಹರ್ ಜಾನಳು ಹಾಡು ಮುಗಿಯುತ್ತಲೇ ತನ್ನ ಹೆಸರನ್ನು ತಾನೇ ಕೂಗಿ ಹೇಳುತ್ತಿದ್ದಳು. ಮೂಲಮುದ್ರೆಗಳನ್ನು ಜರ್ಮನಿಯ ಹ್ಯಾನೋವರಿಗೆ ಕಳುಹಿಸಿ ಅಲ್ಲಿ ತಟ್ಟೆಗಳನ್ನು ಒತ್ತುತ್ತಿದ್ದುದರಿಂದ, ಹಾಡಿದವರಾರೆಂದು ಅಲ್ಲಿಯ ಕೆಲಸಗಾರರಿಗೆ ತಿಳಿಯಲೆಂದು ಮಾಡಿದ ಏರ್ಪಾಡು ಇದು. ಈ ಗಾಯಕಿಯು ತನ್ನ ಕಡೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯದಲ್ಲಿದ್ದು ೧೯೩೦ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡಳು.

ಈ ಸಣ್ಣ ಸಂಗತಿಯಲ್ಲಿ ಒಂದು ದೊಡ್ಡ ಪಲ್ಲಟವು ಅಡಗಿದೆ. ಭಾರತೀಯ ಗೇಯಕಾವ್ಯದಲ್ಲಿ ಹಾಡಿನ ಕೊನೆಯು ರಚಕನ ಮುದ್ರೆಗೆ ಮೀಸಲಾದ ಸ್ಥಾನ. ತಟ್ಟೆಯ ಕಾಲದಲ್ಲಿ ಆ ಸ್ಥಾನವನ್ನು ಗಾಯಕನ ಹೆಸರು ಆಕ್ರಮಿಸಿತು. ಬಾಯಿಂದ ಹೆಸರು ಹೇಳುವ ಪದ್ಧತಿಯು ಕೆಲವು ವರ್ಷಗಳಲ್ಲಿ ನಿಂತುಹೋಗಿ ತಟ್ಟೆಯ ನಡುವಣ ಚೀಟಿಯಲ್ಲಿ ಹೆಸರು ಅಚ್ಚಾಯಿತು. ಆದರೆ ಅಚ್ಚಾದುದು ಗಾಯಕನ ಹೆಸರು, ರಾಗ, ಭಾಷೆ, ಕಂಪೆನಿಯ ಚಿಹ್ನೆಗಳೇ ಹೊರತು ಪದಕಾರನ ಹೆಸರು ಎಲ್ಲ ಚೀಟಿಗಳಲ್ಲಿಯೂ ಇರಲಿಲ್ಲ. ಚೀಟಿಯ ಹೆಸರೂ ಸ್ಥಿರವಲ್ಲ. ಗಂಗೂಬಾಯಿ ಹಾನಗಲ್ಲರ ೧೯೩೦ರ ದಶಕದ ಮೊದಲ ತಟ್ಟೆಗಳು ‘ಗಾಂಧಾರಿ’ ಎಂಬ ಹೆಸರಿನಿಂದ ಹೊರಟವು. ಬದುಕಿದ್ದ ಗಾಯಕಿಯ ಹೆಸರೇ ಹೀಗೆ ಎರಡಾದ ಮೇಲೆ, ನೂರು ವರ್ಷದ ಹಿಂದಿನ ಪದಕಾರನ ಹೆಸರಿಗೆ ಚೀಟಿಯನ್ನೊಂದನ್ನೇ ನಂಬುವುದು ಹೇಗೆ?

(೩)

ಇಲ್ಲಿ ಪೂರ್ವಪಕ್ಷವು ಹೀಗೆ ಪ್ರವರ್ತಿಸುತ್ತದೆ. ಹಾಲನ್ನು ಬೆಳ್ಳಿಯ ಬಟ್ಟಲಲ್ಲಿ ಕುಡಿದರೂ ಮಣ್ಣಿನ ಕುಡಿಕೆಯಲ್ಲಿ ಕುಡಿದರೂ ಹಾಲು ಹಾಲೇ. ತಟ್ಟೆಯಾಗಲಿ ಕ್ಯಾಸೆಟ್ಟಾಗಲಿ ಹಾಡಿಗೆ ಉಪಾಧಿ ಮಾತ್ರ. ಉಪಾಧಿಯ ಗುಣದೋಷಗಳನ್ನು ವ್ಯಾಪಾರಿಯೂ ಯಂತ್ರಜ್ಞನೂ ನೋಡಿಕೊಳ್ಳಲಿ, ವಿಮರ್ಶಕನಿಗೆ ಅಲ್ಲಿ ಅಧಿಕಾರವಿಲ್ಲ. ಹಾಡು ಚಿಕ್ಕದಾದ ಮಾತ್ರಕ್ಕೆ ಅದರ ಶಕ್ತಿ ಕುಂದಿತೆನ್ನುವುದೂ ಸರಿಯಲ್ಲ. ಅಬ್ದುಲ್ ಕರೀಮ್ ಖಾನರು ಝಿಂಝೋಟಿಯಲ್ಲಿ ಹಾಡಿದ ಒಂದು ಠುಮರಿಯ ತಟ್ಟೆಯನ್ನು ಬಾಲ್ಯದಲ್ಲಿ ಅಂಗಡಿಯೊಂದರಲ್ಲಿ ಕೇಳಿದ ಭೀಮಸೇನ ಜೋಶಿಯವರು ೧೯೩೩ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಅರಸಿ ಮನೆ ಬಿಟ್ಟರೆಂಬುದು ಪ್ರಸಿದ್ಧವಾಗಿದೆ. ಕೆಲವೇ ನಿಮಿಷಗಳ ಅರಗಿನ ತಟ್ಟೆಯು ಒಬ್ಬ ಮಹಾಗಾಯಕನ ಜೀವಿತವನ್ನೇ ತಿರುಗಿಸಿದ ಮೇಲೆ ಪಾತ್ರೆಯು ಕಿರಿದೆಂದು ದೂರುವುದು ವ್ಯರ್ಥ.

ಬೇರೊಂದು ಪೂರ್ವಪಕ್ಷವು ಇದಕ್ಕೆ ತೀರ ವಿರುದ್ಧವಾದುದು. ತತ್ತ್ವಪದವು ಗುರುಮುಖದಿಂದ ಬರಬೇಕಾದುದು, ಮೇಳದಲ್ಲಿ ಕೂಡಿ ಹಾಡಬೇಕಾದುದು. ಅದನ್ನು ದುಡ್ಡಿಗೆ ಮಾರುವುದೇ ಅಪಚಾರ. ಮಾರುವ ಪಾತ್ರೆಗಳಲ್ಲಿ ಇದು ಮೇಲು ಅದು ಕೀಳು ಎಂದು ವಿಂಗಡಿಸುವುದು ನಿಷ್ಫಲ. ಆದುದರಿಂದ ಮುದ್ರಿಕೆಗಳನ್ನೆಲ್ಲ ಸಾಹಿತ್ಯವಿಚಾರದಿಂದ ಹೊರಗಿಡತಕ್ಕದ್ದು.

(೪)

ಸಿದ್ಧಾಂತವು ಈ ಎರಡರ ನಡುವೆ ಇದೆ. ಮೊದಲನೆಯ ಪಕ್ಷಕ್ಕೆ ಸಮಾಧಾನವನ್ನು ವೈಯಾಕರಣರಿಂದಲೇ ಪಡೆಯಬಹುದು. ಒಂದೇ ಶಬ್ದವನ್ನು ದ್ರುತ, ಮಧ್ಯಮ, ವಿಲಂಬಿತ ವೃತ್ತಿಗಳಲ್ಲಿ ಉಚ್ಚರಿಸಿದಾಗ ಶಬ್ದವು ಬೇರೆಯಾಗುವುದೇ ಎಂಬ ಪ್ರಶ್ನೆಯನ್ನು ಪತಂಜಲಿಯು ಮಹಾಭಾಷ್ಯದಲ್ಲಿ ಎತ್ತಿಕೊಂಡು, ಭೇರಿಯ ಹೊಡೆತದ ದೃಷ್ಟಾಂತವನ್ನು ಕೊಟ್ಟಿದ್ದಾನೆ. ಭೇರಿಯ ಸದ್ದು ಒಮ್ಮೆ ಹತ್ತಿರಕ್ಕೂ ಒಮ್ಮೆ ದೂರಕ್ಕೂ ಕೇಳುತ್ತದೆ. ಆ ಹೆಚ್ಚುಕಡಮೆಗಳು ಧ್ವನಿಯವು, ಸ್ಫೋಟವು ಇದ್ದಷ್ಟೇ ಇರುತ್ತದೆ. ಭರ್ತೃಹರಿಯು ‘ವಾಕ್ಯಪದೀಯ’ದಲ್ಲಿ ಇದನ್ನು ಮುಂದುವರಿಸಿ, ಶಬ್ದವನ್ನು ಗ್ರಹಿಸಲು ಕಾರಣವಾದ ಪ್ರಾಕೃತಧ್ವನಿಯನ್ನೂ, ವೃತ್ತಿಭೇದಕ್ಕೆ ಮಾತ್ರ ಕಾರಣವಾದ ವೈಕೃತಧ್ವನಿಯನ್ನೂ ಬೇರ್ಪಡಿಸಿದನು. ಕಂಠದ ಬಣ್ಣ, ಲಯದ ವೇಗ, ಸೂಜಿಯ ಗರಗರ ಸದ್ದು, ಟೇಪಿನ ಉಸಿರು ಇವೆಲ್ಲ ವೈಕೃತಧ್ವನಿಯ ವಿಕಾರಗಳು. ಇವುಗಳಿಂದ ಪದಕ್ಕೆ ಹಾನಿಯಿಲ್ಲವೆಂಬಷ್ಟರ ಮಟ್ಟಿಗೆ ಪೂರ್ವಪಕ್ಷಿಯ ಹಾಲುಬಟ್ಟಲಿನ ದೃಷ್ಟಾಂತವು ಸಲ್ಲುತ್ತದೆ.

ಆದರೆ ನುಡಿಯೊಂದು ಬಿಟ್ಟುಹೋದರೆ ಅದು ವೈಕೃತಧ್ವನಿಯ ಭೇದವಲ್ಲ. ಅಲ್ಲಿ ವಾಕ್ಯವೇ ಖಂಡಿತವಾಗುತ್ತದೆ. ಬಟ್ಟಲು ಬದಲಾದರೆ ಹಾಲು ಕೆಡದು, ನಿಜ. ಬಟ್ಟಲು ಕಿರಿದೆಂದು ಅರ್ಧ ಹಾಲನ್ನು ಚೆಲ್ಲಿದರೆ? ಪಲ್ಲವಿಯ ಆವೃತ್ತಿ ಸಹಿತವಾಗಿ ಒಂದು ನುಡಿಗೆ ಒಂದು ನಿಮಿಷವೆಂದಿಟ್ಟುಕೊಂಡರೂ, ಐದು ನುಡಿಯ ಪದವು ಮೂರು ನಿಮಿಷದ ತಟ್ಟೆಯಲ್ಲಿ ಹಿಡಿಯದು. ಹಾಡುವವನಿಗೆ ಎರಡೇ ದಾರಿ: ಓಡಿಸಿ ಹಾಡುವುದು, ಇಲ್ಲವೆ ನುಡಿಗಳನ್ನು ಬಿಡುವುದು. ಪಾಣಿನೀಯ ಶಿಕ್ಷೆಯು ಅಧಮ ಪಾಠಕರನ್ನು ಎಣಿಸುವಾಗ ಅವಸರದಿಂದ ಓದುವವನನ್ನೂ, ಅರ್ಥವರಿಯದೆ ಓದುವವನನ್ನೂ, ಬರೆದುದನ್ನು ನೋಡಿಯೇ ಓದುವವನನ್ನೂ ಹೆಸರಿಸಿದೆ. ಉತ್ತಮ ಪಾಠಕನಿಗೆ ಮಾಧುರ್ಯ, ಅಕ್ಷರವ್ಯಕ್ತಿ, ಪದಚ್ಛೇದ, ಸುಸ್ವರ, ಧೈರ್ಯ, ಲಯಸಾಮರ್ಥ್ಯಗಳೆಂಬ ಆರು ಗುಣಗಳನ್ನು ವಿಧಿಸಿದೆ. ಈ ಆರರಲ್ಲಿ ಮಾಧುರ್ಯ ಸುಸ್ವರಗಳನ್ನು ತಟ್ಟೆಯು ಪೋಷಿಸಿತು. ಅಕ್ಷರವ್ಯಕ್ತಿಯನ್ನು ಮೊದಮೊದಲು ಗಟ್ಟಿಯಾದ ಕಂಠದವರಲ್ಲಿ ಉಳಿಸಿತು. ಧೈರ್ಯವನ್ನು, ಎಂದರೆ ಅವಸರವಿಲ್ಲದ ನೆಮ್ಮದಿಯನ್ನು, ಅದು ಕೊಡಲಾರದೆ ಹೋಯಿತು.

ಭೀಮಸೇನ ಜೋಶಿಯವರ ದೃಷ್ಟಾಂತವು ಠುಮರಿಗೆ ಸರಿ, ತತ್ತ್ವಪದಕ್ಕೆ ಸರಿಯಲ್ಲ. ರಾಗಪ್ರಧಾನವಾದ ಗಾಯನದಲ್ಲಿ ಮಾತು ಸ್ವರಕ್ಕೆ ಅಂಗ. ಒಂದೆರಡು ಸಾಲುಗಳಿಂದಲೇ ರಸವು ನಿಷ್ಪನ್ನವಾಗಬಲ್ಲುದು. ತತ್ತ್ವಪದದಲ್ಲಿಯಾದರೋ ಸ್ವರವು ಮಾತಿಗೆ ಅಂಗ. ಅಂಗಿಯನ್ನು ಕತ್ತರಿಸಿ ಅಂಗವನ್ನು ಉಳಿಸಿಕೊಂಡುದಕ್ಕೆ ಔಚಿತ್ಯವೆಂದು ಹೆಸರಿಡಲಾಗದು. ವಚನಗಾಯನದೊಡನೆ ಹೋಲಿಸಿದರೆ ಈ ಮಾತು ವಿಶದವಾಗುವುದು. ವಚನಕ್ಕೆ ಪಲ್ಲವಿಯಿಲ್ಲ, ನಿಯತ ತಾಳವಿಲ್ಲ. ಗಾಯಕನು ವಾಕ್ಯವನ್ನು ತನ್ನ ರಾಗಕ್ಕೆ ಒಗ್ಗಿಸಿಕೊಳ್ಳಬೇಕು. ಮಲ್ಲಿಕಾರ್ಜುನ ಮನ್ಸೂರರು ವಚನಗಳನ್ನು ಹಾಡಿ ಪಡೆದ ಕೀರ್ತಿಯು ಅವರ ರಾಗಜ್ಞಾನಕ್ಕೆ ಎಷ್ಟು ಸಲ್ಲಬೇಕೋ, ವಾಕ್ಯವನ್ನು ಕಡೆಯ ತನಕ ಕೊಂಡೊಯ್ಯುವ ನಿಷ್ಠೆಗೂ ಅಷ್ಟೇ ಸಲ್ಲಬೇಕು. ಚಿಕ್ಕ ವಚನವೊಂದು ಕಿರಿಯ ಪಾತ್ರೆಯಲ್ಲಿಯೂ ಅಂಕಿತಸಹಿತವಾಗಿ ಹಿಡಿಯುತ್ತದೆ. ಬಹುನುಡಿಯ ಪದಕ್ಕೆ ಆ ಭಾಗ್ಯವಿಲ್ಲ.

ಎರಡನೆಯ ಪಕ್ಷಕ್ಕೆ ಉತ್ತರವು ಸಂಕ್ಷೇಪವಾಗಿದೆ. ಮಾರಾಟದಿಂದ ಬಂದ ಮಾತ್ರಕ್ಕೆ ಪಾಠವು ತ್ಯಾಜ್ಯವಾಗುವುದಾದರೆ ಅಚ್ಚಿನ ಪುಸ್ತಕವೂ ತ್ಯಾಜ್ಯವೇ ಆಗಬೇಕು. ಭಜನೆಯ ಮೇಳವು ಕರಗಿದ ಊರುಗಳಲ್ಲಿ ಪದವನ್ನು ಒಂದು ತಲೆಮಾರಿನಿಂದ ಮತ್ತೊಂದಕ್ಕೆ ದಾಟಿಸಿದುದರಲ್ಲಿ ಕ್ಯಾಸೆಟ್ಟಿಗೂ ಪಾಲಿದೆ ಎಂಬುದನ್ನು ಅಲ್ಲಗಳೆಯಲಾಗದು. ಪರೀಕ್ಷಿಸಿ ಸ್ವೀಕರಿಸುವುದು ವಿಮರ್ಶೆ. ಪರೀಕ್ಷಿಸದೆ ಬಿಡುವುದು ವಿಮರ್ಶೆಯಲ್ಲ.

(೫)

ಅಮೆರಿಕದ ಕೊಲಂಬಿಯಾ ಕಂಪೆನಿಯು ೧೯೪೮ರಲ್ಲಿ ಹೊರತಂದ ದೀರ್ಘವಾದನದ ತಟ್ಟೆಯು ನಿಮಿಷಕ್ಕೆ ಮೂವತ್ತಮೂರೂ ಮೂರನೆಯ ಒಂದು ಸುತ್ತು ತಿರುಗಿ, ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಕಾಲ ನುಡಿಯಿತು. ಇದರಿಂದ ರಾಗವಿಸ್ತಾರಕ್ಕೆ ಉಪಕಾರವಾಯಿತು; ಬೆಲೆಯೂ ಯಂತ್ರವೂ ಹಳ್ಳಿಗೆ ದೂರವಾಗಿದ್ದುದರಿಂದ ತತ್ತ್ವಪದಕ್ಕೆ ಅಷ್ಟಾಗಿ ಆಗಲಿಲ್ಲ. ಫಿಲಿಪ್ಸ್ ಕಂಪೆನಿಯು ೧೯೬೩ರಲ್ಲಿ ತೋರಿಸಿದ ಕ್ಯಾಸೆಟ್ಟು ಮಾತ್ರ ಎಲ್ಲವನ್ನೂ ಬದಲಾಯಿಸಿತು. ಮಗ್ಗುಲಿಗೆ ಮೂವತ್ತು ಅಥವಾ ನಾಲ್ವತ್ತೈದು ನಿಮಿಷದ ಅವಕಾಶ, ಅಗ್ಗದ ಬೆಲೆ, ಮನೆಯಲ್ಲಿಯೇ ಪ್ರತಿ ಮಾಡಿಕೊಳ್ಳುವ ಸೌಕರ್ಯ ಇವುಗಳಿಂದ ದೊಡ್ಡ ಕಂಪೆನಿಗಳ ಏಕಸ್ವಾಮ್ಯವು ಸಡಿಲಿತು. ಉತ್ತರ ಹಿಂದೂಸ್ಥಾನದಲ್ಲಿ ಇದರಿಂದಾದ ಪರಿಣಾಮವನ್ನು ಪೀಟರ್ ಮ್ಯಾನ್ಯುಯೆಲ್ ಎಂಬ ವಿದ್ವಾಂಸರು ೧೯೯೩ರ ತಮ್ಮ ‘ಕ್ಯಾಸೆಟ್ ಕಲ್ಚರ್’ ಗ್ರಂಥದಲ್ಲಿ ಸವಿಸ್ತಾರವಾಗಿ ನಿರೂಪಿಸಿರುವರು. ಕನ್ನಡದಲ್ಲಿ ಕೆ. ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಕೂಡಿಸಿದ ‘ನಿತ್ಯೋತ್ಸವ’ವು ೧೯೭೮ರಲ್ಲಿ ಕ್ಯಾಸೆಟ್ಟಾಗಿ ಬಂದು ಭಾವಗೀತೆಗೆ ಹೊಸ ಮಾರುಕಟ್ಟೆಯನ್ನೇ ತೆರೆಯಿತು. ಅಲ್ಲಿ ಕವಿಯ ಹೆಸರೂ ಕೃತಿಯ ಹೆಸರೂ ಪೆಟ್ಟಿಗೆಯ ಮೇಲೆಯೇ ನಿಂತವು. ಕವಿಯು ಸಮಕಾಲೀನನಾಗಿದ್ದುದರಿಂದ ಅದು ಸಾಧ್ಯವಾಯಿತು.

ತತ್ತ್ವಪದಕಾರರಲ್ಲಿ ಅಂಥ ಭಾಗ್ಯವನ್ನು ಪಡೆದವರು ಶರೀಫರು. ಸಿ. ಅಶ್ವತ್ಥರ ಕಂಠದಿಂದಲೂ, ೧೯೯೦ರಲ್ಲಿ ಬಂದ ‘ಸಂತ ಶಿಶುನಾಳ ಶರೀಫ’ ಚಲನಚಿತ್ರದಿಂದಲೂ ಅವರ ಪದಗಳು ನಾಡಿನ ಮನೆಮನೆಗೆ ಮುಟ್ಟಿದವು. ಅಶ್ವತ್ಥರ ಗಾಯನದಲ್ಲಿ ಅಕ್ಷರವ್ಯಕ್ತಿಯೂ ಪದಚ್ಛೇದವೂ ಎದ್ದು ಕಾಣುವ ಗುಣಗಳು. ಧಾರವಾಡ ಸೀಮೆಯ ಮಾತಿನ ಬನಿಯನ್ನು ಬೆಂಗಳೂರಿನ ಕೇಳುಗನಿಗೂ ರುಚಿಸುವಂತೆ ಮಾಡಿದುದು ಸಾಮಾನ್ಯವಾದ ಸಾಧನೆಯಲ್ಲ. ಪೆಟ್ಟಿಗೆಯ ಶೀರ್ಷಿಕೆಯಲ್ಲಿಯೇ ಶರೀಫರ ಹೆಸರು ಇದ್ದುದರಿಂದ, ಅಂಕಿತವು ಕೇಳಲಿ ಕೇಳದಿರಲಿ, ಕರ್ತೃತ್ವವು ಉಳಿಯಿತು. ಆದರೆ ಈ ಭಾಗ್ಯಕ್ಕೆ ಮತ್ತೊಂದು ಮುಖವುಂಟು. ಪ್ರಸಿದ್ಧನ ಹೆಸರು ಅಪ್ರಸಿದ್ಧನ ಪದವನ್ನು ತನ್ನೆಡೆಗೆ ಸೆಳೆದುಕೊಳ್ಳುವುದು ಪಾಠಸಂಪ್ರದಾಯದ ಹಳೆಯ ನಿಯಮ. ಪೆಟ್ಟಿಗೆಗೆ ಒಂದೇ ಹೆಸರು ಬೇಕಾಗಿರುವಾಗ ಆ ಸೆಳೆತವು ಇಮ್ಮಡಿಯಾಗುತ್ತದೆ.

ಕಡಕೋಳದ ಪರಂಪರೆಯ ಪದಗಳಿಗೆ ಅಪಾಯವು ಹೆಚ್ಚಾಗಿರುವುದು ಇದರಿಂದಲೇ. ಗುರುವೂ ಶಿಷ್ಯರೂ ಒಂದೇ ಸೀಮೆಯವರು, ಒಂದೇ ಪರಿಭಾಷೆಯವರು. ಛಂದಸ್ಸಿನ ಮಟ್ಟುಗಳೂ ಬಹುಮಟ್ಟಿಗೆ ಒಂದೇ. ಇಲ್ಲಿ ಇದು ಮಡಿವಾಳಪ್ಪನವರದು, ಇದು ಕೃಷ್ಣಪ್ಪನದು, ಇದು ಜಲಾಲ ಸಾಹೇಬನದು ಎಂದು ವಿಂಗಡಿಸಲು ಅಂಕಿತದ ನುಡಿಯೇ ಪ್ರಬಲ ಪ್ರಮಾಣ. ಆ ನುಡಿಯನ್ನು ಹಾಡದ ಮುದ್ರಿಕೆಯು ‘ಜನಪದ ಗೀತೆ’, ‘ಭಕ್ತಿಗೀತೆ’ ಎಂಬ ಸಾಮಾನ್ಯ ನಾಮದ ಕೆಳಗೆ ಮಾರಾಟವಾದಾಗ, ಒಬ್ಬ ಸಾಹೇಬನು ಶರಣಮಾರ್ಗದ ಪದವನ್ನು ಕಟ್ಟಿದನೆಂಬ ಚಾರಿತ್ರಿಕ ಸಂಗತಿಯೇ ಅಳಿಸಿಹೋಗುತ್ತದೆ. ಇದು ಅಲಂಕಾರದ ನಷ್ಟವಲ್ಲ. ಒಂದು ಸೀಮೆಯು ತನ್ನ ನೆನಪನ್ನೇ ಕಳೆದುಕೊಳ್ಳುವ ನಷ್ಟ.

ಕ್ಯಾಸೆಟ್ಟಿನ ಮೇಲೆ ಹೊರಿಸಬೇಕಾದ ನಿಜವಾದ ದೋಷವೆಂದರೆ, ಕಾಲವಿದ್ದೂ ನುಡಿಯನ್ನು ಬಿಟ್ಟುದು. ಮೂರು ನಿಮಿಷದ ತಟ್ಟೆಗೆ ಅನಿವಾರ್ಯತೆಯ ಸಮರ್ಥನೆಯಿದ್ದಿತು. ಮೂವತ್ತು ನಿಮಿಷದ ಮಗ್ಗುಲಿನಲ್ಲಿ ಏಳೆಂಟು ಹಾಡುಗಳನ್ನು ಜೋಡಿಸಿ, ನುಡಿನುಡಿಗೂ ನಡುವೆ ವಾದ್ಯಗಳ ತುಂಬುಸಂಗೀತವನ್ನು ಹರಿಸಿ, ಅದಕ್ಕೆ ಎಡೆಮಾಡಲು ನುಡಿಗಳನ್ನು ಕಳೆಯುವುದಕ್ಕೆ ಯಾವ ಸಮರ್ಥನೆಯಿದೆ? ಹಾಡುಗಳ ಸಂಖ್ಯೆಯು ಕೊಳ್ಳುವವನನ್ನು ಒಲಿಸುವ ಎಣಿಕೆಯಾಗಿ, ನುಡಿಗಳ ಸಂಖ್ಯೆಯು ಯಾರೂ ಎಣಿಸದ ಎಣಿಕೆಯಾಯಿತು.

ಕಛೇರಿಯ ಸಂಪ್ರದಾಯದಲ್ಲಿ ಇದಕ್ಕೆ ಒಂದು ಪರಿಹಾರವು ಮೊದಲಿನಿಂದಲೂ ಇದೆ. ದೀರ್ಘವಾದ ಕೃತಿಯನ್ನೋ ದೇವರನಾಮವನ್ನೋ ಹಾಡುವಾಗ ನಡುವಣ ಚರಣಗಳನ್ನು ಬಿಟ್ಟರೂ ಮುದ್ರೆಯುಳ್ಳ ಚರಣವನ್ನು ಹಾಡುವುದು ವಾಡಿಕೆ. ದಾಸರ ಪದಗಳ ಮುದ್ರಿಕೆಗಳಲ್ಲಿ ಪುರಂದರವಿಠಲನ ಹೆಸರು ಇಂದಿಗೂ ಕೇಳಿಬರುತ್ತಿರುವುದು ಈ ಕಟ್ಟಳೆಯಿಂದ. ತತ್ತ್ವಪದಕ್ಕೂ ಇದನ್ನು ಅನ್ವಯಿಸುವುದು ಕನಿಷ್ಠಪಕ್ಷದ ರಕ್ಷೆ. ಪೂರ್ಣರಕ್ಷೆಯಲ್ಲ, ಏಕೆಂದರೆ ಅನೇಕ ಪದಗಳಲ್ಲಿ ನುಡಿಗಳು ಸಾಧನೆಯ ಮೆಟ್ಟಿಲುಗಳಾಗಿ ಕ್ರಮದಿಂದ ಏರುತ್ತವೆ. ಮೂರನೆಯ ಮೆಟ್ಟಿಲಿಲ್ಲದೆ ಐದನೆಯದಕ್ಕೆ ಹಾರಿದ ಪದವು ಹೆಸರನ್ನು ಉಳಿಸಿಕೊಂಡರೂ ದಾರಿಯನ್ನು ಕಳೆದುಕೊಳ್ಳುತ್ತದೆ.

(೬)

೧೯೮೨ರಲ್ಲಿ ಮಾರುಕಟ್ಟೆಗೆ ಬಂದ ಸೀಡಿಯು ಎಪ್ಪತ್ತನಾಲ್ಕು ನಿಮಿಷಗಳನ್ನು ಒಂದೇ ಮಗ್ಗುಲಿನಲ್ಲಿ ಹಿಡಿಯಿತು. ಅದೇ ಅಳತೆಯ ತಟ್ಟೆಯು ಎಂಪಿತ್ರೀ ರೂಪದಲ್ಲಿ ನೂರಕ್ಕೂ ಹೆಚ್ಚು ಹಾಡುಗಳನ್ನು ಹಿಡಿಯತೊಡಗಿತು. ಅನಂತರ ಬಂದ ಪೆನ್ ಡ್ರೈವು, ಮೆಮರಿ ಕಾರ್ಡುಗಳಿಗೆ ಮಿತಿಯೇ ಇಲ್ಲವೆನ್ನಬೇಕು. ಹಿಂದಿನ ಗ್ರಾಮಫೋನ್ ಕಂಪೆನಿಯೇ ಆದ ಸರೆಗಮ ಸಂಸ್ಥೆಯು ೨೦೧೭ರಲ್ಲಿ ಐದು ಸಾವಿರ ಹಾಡುಗಳನ್ನು ಮೊದಲೇ ತುಂಬಿದ ‘ಕಾರವಾನ್’ ಎಂಬ ಪೆಟ್ಟಿಗೆಯನ್ನು ಮಾರಾಟಕ್ಕೆ ತಂದಿತು. ಅಂತರ್ಜಾಲದಿಂದ ಎಲ್ಲ ಹಾಡುಗಳೂ ಕೈಬೆರಳಿಗೆ ದೊರೆಯುವ ಕಾಲದಲ್ಲಿಯೂ ಜನರು ಕೈಯಲ್ಲಿ ಹಿಡಿಯುವ ವಸ್ತುವನ್ನು ಬಯಸುವರೆಂಬುದಕ್ಕೆ ಇದೊಂದು ಸಾಕ್ಷಿ. ಅಮೆರಿಕದಲ್ಲಿ ೨೦೨೨ರಲ್ಲಿ, ೧೯೮೭ರಿಂದೀಚೆಗೆ ಮೊದಲ ಬಾರಿಗೆ, ದೀರ್ಘವಾದನದ ತಟ್ಟೆಗಳು ಸೀಡಿಗಳಿಗಿಂತ ಹೆಚ್ಚಿನ ಸಂಖ್ಯೆಯಲ್ಲಿ ಮಾರಾಟವಾದುದು ಮತ್ತೊಂದು ಸಾಕ್ಷಿ.

ಇಲ್ಲಿ ಶರಣಸಿರಸಗಿಯಿಂದ ಕಲಬುರಗಿಯ ಶರಣಬಸವೇಶ್ವರರ ಜಾತ್ರೆಗೆ ಬರುವ ಒಕ್ಕಲಿಗನೊಬ್ಬನನ್ನು ದೃಷ್ಟಾಂತಕ್ಕಾಗಿ ಕಲ್ಪಿಸಿಕೊಳ್ಳಬಹುದು. ಟ್ರ್ಯಾಕ್ಟರಿನಲ್ಲಿ ಕೇಳುವುದಕ್ಕೆಂದು ತತ್ತ್ವಪದಗಳನ್ನು ತುಂಬಿದ ಪೆನ್ ಡ್ರೈವೊಂದನ್ನು ಅವನು ಕೊಳ್ಳುತ್ತಾನೆ ಎಂದಿಟ್ಟುಕೊಳ್ಳೋಣ. ಅದರಲ್ಲಿ ಐದುನೂರು ಪದಗಳಿರಬಹುದು. ಒಂದೊಂದಕ್ಕೂ ಗುರುತು ‘ಹಾಡು ೧’, ‘ಹಾಡು ೨’ ಎಂಬ ಸಂಖ್ಯೆಯಷ್ಟೇ ಆಗಿರಬಹುದು. ಅರಗಿನ ತಟ್ಟೆಗೆ ಒಂದು ಚೀಟಿಯಿದ್ದಿತು, ದೀರ್ಘವಾದನದ ತಟ್ಟೆಗೆ ಹನ್ನೆರಡು ಅಂಗುಲದ ಹೊದಿಕೆಯಿದ್ದಿತು, ಕ್ಯಾಸೆಟ್ಟಿಗೆ ಮಡಿಸಿದ ಕಾಗದವಿದ್ದಿತು, ಸೀಡಿಗೆ ಕಿರುಪುಸ್ತಕವಿದ್ದಿತು. ಬೆರಳುದ್ದದ ಈ ವಸ್ತುವಿಗೆ ಅದಾವುದೂ ಇಲ್ಲ. ಪಾತ್ರೆಯು ಹಿಗ್ಗಿದಂತೆಲ್ಲ ಹೆಸರು ಕುಗ್ಗಿತು ಎಂಬುದೇ ನೂರಿಪ್ಪತ್ತು ವರ್ಷಗಳ ಈ ಚರಿತ್ರೆಯ ಸಾರ. ವಿಚಿತ್ರವೇನೆಂದರೆ, ಪ್ರತಿಯೊಂದು ಹಾಡಿನ ಕಡತದೊಳಗೂ ಹಾಡಿನ ಹೆಸರು, ಗಾಯಕ, ರಚಕ, ಸಂಪುಟಗಳನ್ನು ಬರೆಯಲು ಕೋಷ್ಠಕಗಳನ್ನು ಯಂತ್ರವೇ ಒದಗಿಸಿದೆ. ಅವನ್ನು ತುಂಬುವುದಕ್ಕೆ ಕಾಗದದ ವೆಚ್ಚವೂ ಇಲ್ಲ. ಹಿಂದೆ ಎಡೆಯಿಲ್ಲದೆ ಬಿಟ್ಟರು. ಇಂದು ಎಡೆಯಿದ್ದೂ ಬಿಟ್ಟಿರುವರು. ಯಂತ್ರವು ಇನ್ನು ನಿರ್ದೋಷಿ, ದೋಷವು ಸಂಕಲನಕಾರನದು.

(೭)

ಕೊಂಡವನಿಗೆ ದೊರೆತುದೇನು ಎಂಬ ಪ್ರಶ್ನೆಯನ್ನೂ ಇಲ್ಲಿ ವಿಚಾರಿಸತಕ್ಕದ್ದು. ಕಲಬುರಗಿ ಜಿಲ್ಲೆಯ ಮರತೂರಿನವನೆಂದು ಹೇಳುವ ವಿಜ್ಞಾನೇಶ್ವರನು, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ರಚಿಸಿದ ‘ಮಿತಾಕ್ಷರಾ’ ವ್ಯಾಖ್ಯಾನದಲ್ಲಿ, ಸ್ವತ್ವವು ಶಾಸ್ತ್ರೈಕಗಮ್ಯವಲ್ಲ, ಲೌಕಿಕವೇ ಎಂದು ಸಾಧಿಸಿರುವನು. ಲೋಕವು ಕ್ರಯದಿಂದ ಸ್ವತ್ವವನ್ನು ಒಪ್ಪುತ್ತದೆ. ಭಾರತದ ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ಮೇರೆಗೆ ಧ್ವನಿಮುದ್ರಣದ ಹಕ್ಕು ಒಡೆಯನದು; ಪ್ರಕಟವಾದ ಮುಂದಿನ ವರ್ಷಾರಂಭದಿಂದ ಅರವತ್ತು ವರ್ಷಗಳವರೆಗೆ ಅದು ನಡೆಯುತ್ತದೆ. ೧೯೯೪ರ ತಿದ್ದುಪಡಿಯಿಂದ ಹಾಡಿದವನಿಗೂ ತನ್ನದೇ ಆದ ಹಕ್ಕು ಬಂದಿತು. ಪದವನ್ನು ಕಟ್ಟಿದ ಶರಣನಿಗಾದರೋ ಯಾವ ಹಕ್ಕೂ ಇಲ್ಲ. ಅವನು ಅದನ್ನು ಬಯಸಿದವನೂ ಅಲ್ಲ. ವೈಯಾಕರಣರ ಮಾತಿನಲ್ಲಿ ಹೇಳುವುದಾದರೆ, ಕಂಪೆನಿಗೆ ಸೇರಿದುದು ವೈಕೃತಧ್ವನಿಯೇ ಹೊರತು ಸ್ಫೋಟವಲ್ಲ. ಪದವು ಎಲ್ಲರದು; ಈ ಒಂದು ಕಂಠದಿಂದ ಈ ಒಂದು ದಿನ ಹೊರಟ ನಾದ ಮಾತ್ರ ಒಬ್ಬನದು.

ಅನ್ಯರ ಮುದ್ರಿಕೆಯನ್ನು ಪ್ರತಿಮಾಡಿ ಮಾರುವುದು ಧರ್ಮಶಾಸ್ತ್ರವು ಹೇಳುವ ಅಸ್ವಾಮಿವಿಕ್ರಯಕ್ಕೆ ಸದೃಶವಾದುದು. ಒಡೆಯನಲ್ಲದವನಿಂದ, ಗುಟ್ಟಾಗಿ, ಅತ್ಯಲ್ಪ ಬೆಲೆಗೆ ಕೊಂಡವನಿಗೂ ದೋಷವುಂಟೆಂದು ಯಾಜ್ಞವಲ್ಕ್ಯಸ್ಮೃತಿಯ ಅಭಿಪ್ರಾಯ. ಹೆಸರಿಲ್ಲದ ಪೆನ್ ಡ್ರೈವಿನಲ್ಲಿ ಈ ದೋಷವನ್ನು ಕಂಡುಹಿಡಿಯುವುದಕ್ಕೂ ಉಪಾಯವಿಲ್ಲ; ಯಾರ ಹಾಡೆಂದು ತಿಳಿಯದಿರುವಾಗ ಯಾರಿಗೆ ಅನ್ಯಾಯವಾಯಿತೆಂದು ಹೇಳುವುದು ಹೇಗೆ? ಹೆಸರನ್ನು ಅಳಿಸುವುದು ಸಾಹಿತ್ಯದೋಷವೂ ವ್ಯವಹಾರದೋಷವೂ ಆಗಿ ಒಂದೆಡೆ ಕೂಡುತ್ತದೆ.

ಅಂತರ್ಜಾಲದಿಂದ ಕೇಳುವವನಿಗೆ ಇರುವುದು ಅನುಮತಿ, ಸ್ವತ್ವವಲ್ಲ. ಕೈಗೆ ಬಂದ ವಸ್ತುವನ್ನು ದಾನ ಕೊಡಬಹುದು, ಮಕ್ಕಳಿಗೆ ಬಿಡಬಹುದು, ಮಠದ ಭಂಡಾರದಲ್ಲಿ ಇಡಬಹುದು. ಸಂಶೋಧಕನಿಗೆ ಅದು ಸಾಕ್ಷಿಯಾಗಿ ಉಳಿಯುತ್ತದೆ. ಆದುದರಿಂದ ಹಾಡನ್ನು ವಸ್ತುರೂಪದಲ್ಲಿ ಮಾರುವುದನ್ನು ವಿದ್ವಾಂಸರು ಹಳೆಯ ಗೀಳೆಂದು ನಗುವುದಕ್ಕೆ ಬದಲಾಗಿ, ಅದು ಉತ್ತಮರೀತಿಯಲ್ಲಿ ನಡೆಯುವಂತೆ ನೋಡುವುದು ಶ್ರೇಯಸ್ಕರ.

(೮)

ಶಾಸ್ತ್ರಗ್ರಂಥಕ್ಕೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ಹೇಳುವುದು ಪ್ರಸಿದ್ಧ. ತತ್ತ್ವಪದದ ಮುದ್ರಿಕೆಗೂ ಅದನ್ನೇ ಅಳತೆಗೋಲಾಗಿ ಇಡಬಹುದು. ವಿಷಯವೆಂದರೆ ಪಲ್ಲವಿಯಿಂದ ಅಂಕಿತದವರೆಗಿನ ಸಮಗ್ರ ಪಾಠ. ಹಾಡಿನಲ್ಲಿ ನುಡಿಯು ಬಿಟ್ಟಿದ್ದರೆ ಅಚ್ಚಿನಲ್ಲಾದರೂ ಅದಿರಬೇಕು. ಪ್ರಯೋಜನವೆಂದರೆ ಅರ್ಥಬೋಧ, ಪರಿಭಾಷೆಯ ಮಾತುಗಳಿಗೆ ನಾಲ್ಕು ಸಾಲಿನ ಟಿಪ್ಪಣಿ ಸಾಕು. ಸಂಬಂಧವೆಂದರೆ ಪದಕಾರ, ಗುರುಪರಂಪರೆ, ಗಾಯಕ, ಊರು, ಮುದ್ರಿಸಿದ ವರ್ಷಗಳ ಉಲ್ಲೇಖ. ಅಧಿಕಾರಿಯೆಂದರೆ ಕೊಳ್ಳುವವನು, ಹನ್ನೆರಡು ಅಂಗುಲದ ತಟ್ಟೆಯ ಹೊದಿಕೆಯಲ್ಲಿ ಈ ಮೂರಕ್ಕೂ ಧಾರಾಳವಾದ ಎಡೆಯಿದ್ದರೂ ಅದರ ಬೆಲೆಯು ಜಾತ್ರೆಯ ಒಕ್ಕಲಿಗನ ಅಳವಿಗೆ ಮೀರಿದುದು. ಅವನಿಗೆ ತಕ್ಕುದು ಪೆನ್ ಡ್ರೈವೇ. ಅದರೊಡನೆ ಹದಿನಾರು ಪುಟದ ಒಂದು ಅಗ್ಗದ ಪುಸ್ತಿಕೆಯಿದ್ದರೆ ಚತುಷ್ಟಯವು ಪೂರ್ಣವಾಯಿತು. ಈ ನಾಲ್ಕರಿಂದ ಕೂಡಿದ ಮುದ್ರಿಕೆಯು ಯಾವ ಪಾತ್ರೆಯಲ್ಲಿದ್ದರೂ ಉತ್ತಮ. ಸಂಬಂಧವೊಂದನ್ನಾದರೂ ಉಳಿಸಿಕೊಂಡುದು ಮಧ್ಯಮ. ನಾಲ್ಕನ್ನೂ ಬಿಟ್ಟುದು, ಅದೆಷ್ಟು ಸಾವಿರ ಹಾಡುಗಳನ್ನು ಹಿಡಿದರೂ, ಅಧಮ.

ವಿದ್ವಾಂಸರು ಮಾಡಬೇಕಾದ ಕೆಲಸವೂ ಇದರಿಂದ ಸಿದ್ಧವಾಗುತ್ತದೆ. ಮೇಲೆ ಹೇಳಿದ ಅರವತ್ತು ವರ್ಷಗಳ ನಿಯಮದಿಂದ ೧೯೬೪ರವರೆಗೆ ಪ್ರಕಟವಾದ ಮುದ್ರಣಗಳ ಸ್ವಾಮ್ಯವು ಈಗ ತೀರಿದೆ. ಅರಗಿನ ತಟ್ಟೆಗಳಲ್ಲಿ ಹೆಚ್ಚಿನವು ಈ ಅವಧಿಯವು. ಅವುಗಳನ್ನು ಹಸ್ತಪ್ರತಿಗಳಂತೆ ಕೂಡಿಸಿ, ಪ್ರತಿಯೊಂದರಲ್ಲಿ ಯಾವ ನುಡಿಗಳಿವೆ, ಯಾವುವು ಲುಪ್ತವಾಗಿವೆ, ಅಂಕಿತವು ಕೇಳುತ್ತದೆಯೇ ಇಲ್ಲವೇ, ಅಚ್ಚಿನ ಪಾಠಕ್ಕೂ ಹಾಡಿನ ಪಾಠಕ್ಕೂ ಭೇದವೇನು ಎಂಬ ವಿವರಣಾತ್ಮಕ ಸೂಚಿಯೊಂದನ್ನು ಸಿದ್ಧಪಡಿಸಬೇಕಾಗಿದೆ. ಅರಗು ಒಡೆಯುವ ವಸ್ತು. ಟೇಪು ಅಂಟಿಕೊಂಡು ಹಾಳಾಗುವ ವಸ್ತು. ಪೆನ್ ಡ್ರೈವು ಒಂದು ದಿನ ಮಾತಿಲ್ಲದೆ ಮೌನವಾಗುವ ವಸ್ತು. ಓಲೆಗರಿಯ ಕಾಲದಲ್ಲಿ ಕಡೆಯ ಗರಿ ಮುರಿದುದರಿಂದ ಹೆಸರನ್ನು ಕಳೆದುಕೊಂಡ ಕವಿಗಳನ್ನು ಕುರಿತು ಇಂದಿನ ಸಂಪಾದಕರು ವಾದಿಸುತ್ತಿರುವರು. ಧ್ವನಿಮುದ್ರಿಕೆಯ ಕಾಲದ ಪದಕಾರರನ್ನು ಕುರಿತು ಮುಂದಿನವರು ಅಂಥ ವಾದಕ್ಕೆ ತೊಡಗಬೇಕಾಗದಂತೆ, ಕಡೆಯ ನುಡಿಯು ಇನ್ನೂ ಕೇಳುತ್ತಿರುವಾಗಲೇ ಅದನ್ನು ಬರೆದಿಡುವುದು ಯುಕ್ತವಾದುದು.